ಉಗುಳಲು ಬಾರದವನ ಉದ್ಯೋಗ

ಉಗುಳುವುದೂ ಒಂದು ವಿದ್ಯೆ ಎಂದರೆ ನಮ್ಮ ಕಡೆಯವರು ನಗುತ್ತಾರೆ. ಬಾಗಲಕೋಟೆಯಿಂದ ಇಳಕಲ್ಲಿಗೆ ಹೊರಟ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ಬಂದವರಿಗೆ, ಅದರಲ್ಲೂ ಬಿಳಿ ಅಂಗಿ ತೊಟ್ಟು ಬಂದವರಿಗೆ, ಈ ವಿದ್ಯೆಯಲ್ಲಿ ನಮ್ಮವರು ಎಷ್ಟು ಮುಂದೆ ಹೋಗಿದ್ದಾರೆ ಎಂಬುದು ಗೊತ್ತೇ ಇದೆ. ಕಲಿಸುವವರಿಲ್ಲ, ಪರೀಕ್ಷೆಯಿಲ್ಲ, ಆದರೂ ಎಲ್ಲರೂ ಪಾಸು. ಇಂಥ ಸೀಮೆಯಲ್ಲಿ ಹುಟ್ಟಿ, ಮೂವತ್ತೆರಡು ವರ್ಷ ಇಲ್ಲಿಯ ಗಾಳಿಯನ್ನೇ ಕುಡಿದು ಬೆಳೆದರೂ ನನಗೊಬ್ಬನಿಗೆ ಉಗುಳಲು ಬರುತ್ತಿರಲಿಲ್ಲ. ಬಾರದಿದ್ದರೆ ಏನು ಗಂಟು ಹೋಯಿತು ಎನ್ನಬೇಡಿ. ಒಂದು ಕಾಲಕ್ಕೆ ನನ್ನ ನೌಕರಿಯೂ, ಹೆತ್ತವ್ವನ ಮನೆಯ ಹೊಸ್ತಿಲೂ ಅದೊಂದರ ಮೇಲೆಯೇ ನಿಂತಿದ್ದವು.

ನಮ್ಮದು ಇಳಕಲ್ಲಿನ ನೇಕಾರರ ಮನೆ. ಅಪ್ಪ ತೀರಿಕೊಂಡ ಮೇಲೂ ಅವ್ವ ಮಗ್ಗ ಬಿಡಲಿಲ್ಲ. ನಾನು ಮಾತ್ರ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತೆನೆಂದರೆ ಹತ್ತು ನಿಮಿಷಕ್ಕೆ ಹನ್ನೊಂದು ಎಳೆ ಹರಿಯುತ್ತಿದ್ದವು. ಹರಿದ ಎಳೆಗಳನ್ನು ಜೋಡಿಸಿ ಜೋಡಿಸಿ ಸಾಕಾಗಿ, ನೀನು ಹೊರಗೆ ಹೋಗಿ ಏನಾದರೂ ಮಾಡು, ಸೀರೆಗಳಾದರೂ ಉಳಿಯಲಿ ಎಂದು ಅವ್ವನೇ ಕಳಿಸಿಕೊಟ್ಟಳು. ಅಂದಿನಿಂದ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹೊತ್ತು ತೋಟದಿಂದ ತೋಟಕ್ಕೆ ತಿರುಗುವುದೇ ನನ್ನ ಬಾಳೇವು ಆಯಿತು. ಮರೋಳದ ಹತ್ತಿರ ದಾಳಿಂಬೆ, ಕೂಡಲಸಂಗಮದ ಹತ್ತಿರ ಕಬ್ಬು, ಬಾದಾಮಿ ಕಡೆ ಪೇರಲ, ಕೊನೆಗೆ ಶಿರೂರಿನ ಗೌಡರೊಬ್ಬರ ದ್ರಾಕ್ಷಿ ಪಡ. ದ್ರಾಕ್ಷಿ ತೋಟಕ್ಕೆ ನಮ್ಮ ಕಡೆ ಪಡ ಎನ್ನುತ್ತಾರೆ. ಹೋದಲ್ಲೆಲ್ಲ ನನಗೆ ಹೆಸರು ತಂದದ್ದು, ಅಷ್ಟೇ ಕೆಟ್ಟ ಹೆಸರನ್ನೂ ತಂದದ್ದು ನನ್ನ ನಾಲಿಗೆ. ಸಾರು ಬಾಯಿಗಿಟ್ಟರೆ ಅದಕ್ಕೆ ಹಾಕಿದ ನೀರು ಬಾವಿಯದೋ ಬೋರಿನದೋ ಹೇಳಿಬಿಡುತ್ತಿದ್ದೆ. ಹೇಳದೆ ಸುಮ್ಮನಿರುವ ಗುಣವನ್ನು ದೇವರು ಜೊತೆಗೆ ಕೊಟ್ಟಿರಲಿಲ್ಲ. ಅಕ್ಕನ ಬೀಗರ ಮನೆಯಲ್ಲಿ ಹೋಳಿಗೆಯ ಬೆಲ್ಲ ಹೋದ ವರ್ಷದ್ದು ಎಂದುಬಿಟ್ಟ ಮೇಲೆ ಅವರು ನನ್ನನ್ನು ಸಾವಿಗಷ್ಟೇ ಕರೆಯತೊಡಗಿದರು.

ಗೌಡರು ಮಾತ್ರ ಈ ನಾಲಿಗೆಗೆ ಬೆಲೆ ಕೊಟ್ಟರು. ಹಣ್ಣಿನಲ್ಲಿ ಸಕ್ಕರೆ ಎಷ್ಟಿದೆ ಎಂದು ನೋಡುವ ಯಂತ್ರವೊಂದನ್ನು ಅವರು ಸಾಂಗಲಿಯಿಂದ ತಂದಿದ್ದರು. ಎಂಟು ದಿನ ಯಂತ್ರ ಹೇಳಿದ್ದನ್ನೇ ನಾನೂ ಹೇಳಿದ್ದು ಕಂಡು, ಅದನ್ನು ಮತ್ತೆ ಪೆಟ್ಟಿಗೆಯೊಳಗಿಟ್ಟು ಅಟ್ಟಕ್ಕೆ ಹಾಕಿದರು. ಮೂರು ವರ್ಷ ನಾನು ಹಣ್ಣು ಬಾಯಿಗೆ ಹಾಕಿಕೊಂಡು ಹೂಂ ಎಂದ ಮೇಲೆಯೇ ಕೊಯ್ಲು. ಮೊಬೈಲು ಇನ್ನೂ ಗೌಡರಂಥವರ ಜೇಬಿನಲ್ಲಷ್ಟೇ ಇದ್ದ ಆ ದಿನಗಳಲ್ಲಿ ಬಾದಾಮಿ ದಾರಿಯಲ್ಲಿ ಸಣ್ಣದೊಂದು ವೈನ್ ಕಾರ್ಖಾನೆ ಎದ್ದಿತು. ಅದನ್ನು ನೋಡಿಕೊಳ್ಳುತ್ತಿದ್ದ ಸುನೀತಾ ಮೇಡಂ ಮೊದಲ ವರ್ಷ ಆಳು ಕಳಿಸಿ ನಮ್ಮ ಹಣ್ಣು ಒಯ್ದಿದ್ದರು, ಮರುವರ್ಷ ಹಣ್ಣು ಕೊಳ್ಳಲು ತಾವೇ ನಮ್ಮ ಪಡಕ್ಕೆ ಬಂದರು. ಸೊಲ್ಲಾಪುರದವರಾದ್ದರಿಂದ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ನನ್ನನ್ನು ಪರೀಕ್ಷಿಸಲೆಂದು ನಾಲ್ಕು ಸಾಲಿನ ನಾಲ್ಕು ಹಣ್ಣು ತಂದು ಅಂಗೈ ಮೇಲಿಟ್ಟರು. ಇದು ಕಾಲುವೆ ಮಗ್ಗುಲಿನದು, ನಿನ್ನೆ ನೀರು ಕುಡಿದಿದೆ. ಇದು ಕಲ್ಲುಭೂಮಿಯದು, ಸಿಟ್ಟಿನ ಹಣ್ಣು ಎಂದು ನಾನು ಒಂದೊಂದಾಗಿ ಹೇಳುತ್ತ ಹೋದೆ. ಅವರು ಹಣ್ಣು ಬಿಟ್ಟು ನನ್ನನ್ನೇ ಕೊಳ್ಳಲು ನಿಂತರು, ವೈನಿನ ರುಚಿ ನೋಡುವ ಕೆಲಸಕ್ಕೆ ಬಾ ಎಂದರು.

ಗೌಡರಿಗೆ ಹೇಳಲು ನನಗೆ ನಾಲ್ಕು ದಿನ ಹಿಡಿಯಿತು. ಹೇಳಿದ ಮೇಲೆ ಅವರು ಎರಡು ದಿನ ಪಡದ ಕಡೆಗೇ ಬರಲಿಲ್ಲ. ಮೂರನೆಯ ದಿನ ನನ್ನ ಟ್ರಂಕನ್ನು ತಾವೇ ಎತ್ತಿ ಜೀಪಿನಲ್ಲಿಟ್ಟು, ಅಲ್ಲಿ ನಮ್ಮ ಹಣ್ಣು ಏನಾಗುತ್ತದೆ ನೋಡಿ ತಿಳಿಸು ಎಂದರು. ನನ್ನ ಜಾಗಕ್ಕೆ ಆಗಲೇ ತಂಗಿಯ ಮಗನನ್ನು ಕರೆಸಿಕೊಂಡಿದ್ದರು. ಅಂದರೆ ಹಿಂದಿರುಗುವ ದಾರಿ ಮುಚ್ಚಿತ್ತು. ಜೀಪು ಪಡ ದಾಟುವವರೆಗೂ ನಾನು ಹಿಂದಕ್ಕೆ ತಿರುಗಿ ಸಾಲುಗಳನ್ನು ಎಣಿಸುತ್ತಿದ್ದೆ. ತೋಟದ ಕೆಲಸ ಬಿಡುವುದು ಇತರ ಕೆಲಸ ಬಿಟ್ಟಂತಲ್ಲ, ಗಿಡಗಳಿಗೆ ರಾಜೀನಾಮೆ ಕೊಡಲು ಬರುವುದಿಲ್ಲ.

ಇನ್ನು ಅವ್ವನಿಗೆ ಹೇಳಬೇಕಿತ್ತು. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ, ಹೆಂಡದಂಗಡಿ ಇರುವ ಓಣಿಯಲ್ಲಿ ಕಾಲಿಡುವುದಿಲ್ಲ. ಹಣ್ಣಿನ ರಸದ ಕಾರ್ಖಾನೆ ಎಂದೆ. ಅವಳು ಲಾಳಿ ಎಸೆಯುತ್ತಲೇ, ರಸ ತೆಗೆದು ಏನು ಮಾಡುತ್ತಾರೆ ಎಂದಳು. ಇಡುತ್ತಾರೆ ಎಂದೆ. ಎಷ್ಟು ದಿನ? ಒಂದು ವರ್ಷ, ಕೆಲವನ್ನು ಎರಡು ವರ್ಷ. ಮಗ್ಗ ನಿಂತಿತು. "ರಸ ಒಂದ ದಿನ ಇಟ್ರ ಹುಳಿ ಆಕ್ಕೈತಿ. ವರ್ಷ ಇಟ್ರ ಏನ ಆಕ್ಕೈತಿ ಅನ್ನೂದು ನನಗ ಗೊತ್ತಾಗೂದಿಲ್ಲೇನ ಈರಪ್ಪಾ?" ಎಂದಳು. ಆಗ ನಾನು ಮೇಡಂ ಹೇಳಿಕೊಟ್ಟಿದ್ದ ಮಾತನ್ನು ಮುಂದೆ ಮಾಡಿದೆ. ರುಚಿ ನೋಡುವವರು ಕುಡಿಯುವುದಿಲ್ಲ, ಬಾಯಲ್ಲಿ ಆಡಿಸಿ ಬಕೆಟ್ಟಿಗೆ ಉಗುಳುತ್ತಾರೆ, ಅದೇ ಅಲ್ಲಿಯ ಪದ್ಧತಿ. ಅವ್ವ ಲೆಕ್ಕ ಹಾಕಿದಳು. ತೋಟದ ಕೆಲಸ ಬಿಟ್ಟುಬಂದ ಮಗ, ಮಗ್ಗದ ಮೇಲೆ ಕೂಡಿಸಿದರೆ ಸೀರೆ ಹಾಳು. ಕೊನೆಗೆ ತೀರ್ಪು ಕೊಟ್ಟಳು. "ಬಾಯಾಗ ಹಾಕ್ಕೋ, ಉಗುಳು. ಗಂಟಲದಾಗ ಇಳೀತಂದ್ರ ಈ ಹೊಸ್ತಲಾ ದಾಟಬ್ಯಾಡ." ಲಿಂಗ ಮುಟ್ಟಿ ಆಣೆ ಮಾಡಿದೆ. ಆಣೆ ಮಾಡುವಾಗ, ಉಗುಳುವುದು ಎಂಥ ದೊಡ್ಡ ಕೆಲಸ ಎಂದುಕೊಂಡಿದ್ದೆ.

ಕಾರ್ಖಾನೆಯಲ್ಲಿ ಕಲಿಕೆ ಶುರುವಾಯಿತು. ಮೂಸುವುದು ಸುಲಭವಾಗಿ ಬಂತು. ಯಾವ ವೈನಿನಲ್ಲಿ ಯಾವ ವಾಸನೆ ಇರಬಹುದು ಎಂದು ಬರೆದ ದೊಡ್ಡ ಹಾಳೆಯೊಂದನ್ನು ಮೇಡಂ ಗೋಡೆಗೆ ಅಂಟಿಸಿದ್ದರು. ಅದರಲ್ಲಿದ್ದ ಹಣ್ಣುಗಳಲ್ಲಿ ಮುಕ್ಕಾಲು ಪಾಲು ನಮ್ಮ ಹುನಗುಂದ ತಾಲೂಕು ಕಂಡೇ ಇರಲಿಲ್ಲ. ಕಾಣದ ಹಣ್ಣನ್ನು ಮೂಸುವುದು ಹೇಗೆ? ನಾನು ನನಗೆ ಗೊತ್ತಿದ್ದುದನ್ನೇ ಹೇಳಿದೆ. ಇದರಲ್ಲಿ ಹೊಸ ಸೀರೆಯ ಗಂಜಿ ಇದೆ, ಇದರಲ್ಲಿ ಹುಣಸೆಹಣ್ಣು ಇಟ್ಟ ಹಳೆಯ ಮಡಕೆ ಇದೆ, ಇದು ಮುಚ್ಚಿಟ್ಟ ಟ್ರಂಕು. ಮೇಡಂ ನಗಲಿಲ್ಲ. ಹಾಳೆಯ ಪಕ್ಕದಲ್ಲಿ ಇನ್ನೊಂದು ಹಾಳೆ ಅಂಟಿಸಿ ನನ್ನ ವಾಸನೆಗಳನ್ನೆಲ್ಲ ಬರೆದುಕೊಂಡರು. ಅಷ್ಟು ಓದಿದವರು ನನ್ನ ಮಾತು ಬರೆದುಕೊಳ್ಳುವುದನ್ನು ನೋಡಿ ನನಗೆ ಎದೆ ತುಂಬಿ ಬಂತು.

ತೊಡಕಾದದ್ದು ಬಕೆಟ್ಟಿನ ಮುಂದೆ. ಬಾಯಲ್ಲಿದ್ದುದು ಹೊರಗೆ ಬರಲೊಲ್ಲದು. ಬಂದರೆ ಗದ್ದದ ಮೇಲಿಂದ ಅಂಗಿಗೆ ಇಳಿಯುವುದು. ಅದಕ್ಕೆ ಕಾರಣ ನಾನಲ್ಲ, ನಾನು ಉಂಡ ಗಂಗಾಳ. ನಮ್ಮ ಮನೆಯಲ್ಲಿ ಉಣ್ಣುವುದೆಲ್ಲ ಪ್ರಸಾದ. ಒಂದು ಅಗಳು ಬಿಡುವಂತಿಲ್ಲ. ಉಂಡಾದ ಮೇಲೆ ಗಂಗಾಳಕ್ಕೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿದೇ ಏಳಬೇಕು. ಉಣ್ಣಲೆಂದು ಬಾಯಿಗಿಟ್ಟದ್ದನ್ನು ಹೊರಗೆ ಹಾಕುವುದು ನಮ್ಮಲ್ಲಿ ಬೈಗುಳಕ್ಕಿಂತ ಕಡೆ. ಹೀಗೆ ನನ್ನನ್ನು ಉಗುಳದಂತೆ ಬೆಳೆಸಿದವಳೂ ಅವ್ವ, ಉಗುಳು ಎಂದು ಆಣೆ ಹಾಕಿಸಿದವಳೂ ಅವ್ವ. ಮಜ್ಜಿಗೆ ಬಾಯಿಗೆ ಹಾಕಿಕೊಂಡು ಅಭ್ಯಾಸ ಮಾಡಿದೆ. ಮಜ್ಜಿಗೆಯನ್ನು ಯಾರಾದರೂ ಉಗುಳುತ್ತಾರೆಯೇ, ಮೂರು ತಂಬಿಗೆ ಹೊಟ್ಟೆಗಿಳಿಯಿತು. ಕಾರ್ಖಾನೆಯಲ್ಲಿ ತಂಬಾಕು ಹಾಕುವ ವಾಚ್‌ಮನ್ ಒಬ್ಬನಿದ್ದ, ಅವನನ್ನು ಕೇಳಿದೆ. ಅವನು ಎಂಟು ಅಡಿ ದೂರದ ಇರುವೆ ಸಾಲಿಗೆ ಗುರಿಯಿಟ್ಟು ತೋರಿಸಿದನೇ ಹೊರತು, ಹೇಗೆಂದು ವಿವರಿಸಲು ಅವನಿಗೆ ಬರಲಿಲ್ಲ.

ಅಷ್ಟರಲ್ಲಿ ಪುಣೆಯಿಂದ ಮಾಲೀಕರಿಬ್ಬರು ಬಂದರು. ನನ್ನನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ಅಂದೇ ತೀರ್ಮಾನ. ಬಿಳಿಯ ಬಟ್ಟೆ ಹಾಸಿದ ಮೇಜಿನ ಮೇಲೆ ಆರು ಗ್ಲಾಸು, ಪಕ್ಕದಲ್ಲಿ ಫಳಫಳ ಹೊಳೆಯುವ ಸ್ಟೀಲ್ ಬಕೆಟ್ಟು. ಆ ಬಕೆಟ್ಟಿನಲ್ಲಿ ನನ್ನ ಮುಖವೇ ಕಾಣುತ್ತಿತ್ತು, ಅದು ಧೈರ್ಯ ಕೊಡುವಂತಿರಲಿಲ್ಲ. ನಾಲ್ಕು ಗ್ಲಾಸುಗಳನ್ನು ಹೇಗೋ ದಾಟಿಸಿದೆ. ಅರ್ಧ ಬಕೆಟ್ಟಿಗೆ, ಅರ್ಧ ಕರವಸ್ತ್ರಕ್ಕೆ. ಐದನೆಯದನ್ನು ಬಾಯಿಗಿಟ್ಟೆ. ಇಟ್ಟ ಕೂಡಲೇ ಗುರುತು ಸಿಕ್ಕಿತು. ಅದು ಗೌಡರ ಪಡದ ಹಣ್ಣು. ಮೂರು ವರ್ಷ ನಾನು ಟೊಂಗೆ ಕತ್ತರಿಸಿ, ಔಷಧ ಹೊಡೆದು, ಹಕ್ಕಿ ಓಡಿಸಿ ಬೆಳೆಸಿದ ಕಲ್ಲುಭೂಮಿಯ ಸಾಲು. ಸಿಟ್ಟು ಇಳಿದು, ಮೆತ್ತಗಾಗಿ, ದೊಡ್ಡ ಮನುಷ್ಯನಾಗಿ ಬಂದಿತ್ತು. ಗಂಟಲು ನನ್ನನ್ನು ಕೇಳಲಿಲ್ಲ, ನುಂಗಿಬಿಟ್ಟಿತು. ನುಂಗಿದ್ದು ಹೋಗಲಿ ಎಂದರೆ, ಗ್ಲಾಸಿನಲ್ಲಿ ಉಳಿದದ್ದನ್ನೂ ಕುಡಿದೆ. ಆಮೇಲೆ ಕೈ ತಾನಾಗಿ ನೀರಿನ ಜಗ್ಗಿಗೆ ಹೋಯಿತು. ಗ್ಲಾಸಿಗೆ ನೀರು ಹಾಕಿ, ಬೆರಳಿನಿಂದ ಸುತ್ತ ತೊಳೆದು, ಮಾಲೀಕರಿಬ್ಬರ ಎದುರಿಗೆ ಆ ನೀರನ್ನೂ ಕುಡಿದು, ಗ್ಲಾಸನ್ನು ಬೋರಲು ಹಾಕಿದೆ.

ಇದು ಹೊಸ ವಿಧಾನವೇ ಎಂದು ಮಾಲೀಕರಲ್ಲೊಬ್ಬರು ಮರಾಠಿಯಲ್ಲಿ ಮೇಡಂ ಅವರನ್ನು ಮೆಲ್ಲಗೆ ಕೇಳಿದರು. ಮೇಡಂ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿ, ಇದು ಶಿರೂರಿನ ಗೌಡರ ಪಡದ್ದು, ಮೇಲಿನ ಕಲ್ಲುಭೂಮಿಯದು, ಕೊಯ್ಲಿಗೆ ನಾನೇ ಹೂಂ ಅಂದಿದ್ದೆ ಎಂದೆ. ಪೀಪಾಯಿಯ ನಂಬರು ಹಿಡಿದು ರಿಜಿಸ್ಟರು ತೆಗೆಸಿ ನೋಡಿದರು, ಹಾಗೆಯೇ ಇತ್ತು. ಮಾಲೀಕರು ಮುಖ ಮುಖ ನೋಡಿಕೊಂಡರು. ನೌಕರಿ ಉಳಿಯಿತು. ಮುಂದಿನ ಹಂಗಾಮಿನೊಳಗೆ ಉಗುಳುವುದನ್ನು ಕಲಿಯಬೇಕು, ಇಲ್ಲದಿದ್ದರೆ ಮಧ್ಯಾಹ್ನದ ನಂತರ ಈ ಮನುಷ್ಯನ ನಾಲಿಗೆ ಯಾವ ಉಪಯೋಗಕ್ಕೂ ಬರುವುದಿಲ್ಲ ಎಂಬ ಷರತ್ತಿನ ಮೇಲೆ. ನಾನು ಕುಣಿಯುತ್ತ ಬಸ್‌ಸ್ಟ್ಯಾಂಡಿಗೆ ಹೋದೆ. ಇಳಕಲ್ ಬೋರ್ಡಿನ ಬಸ್ಸು ಕಂಡಾಗಲೇ ನನಗೆ ಆಣೆಯ ನೆನಪಾದದ್ದು.

ಮನೆ ಮುಟ್ಟಿದೆ, ಒಳಗೆ ಹೋಗಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕುಳಿತೆ. ಒಳಗಿನಿಂದ ಮಗ್ಗದ ಸದ್ದು ಬರುತ್ತಿತ್ತು. ಸುಳ್ಳು ಹೇಳಿ ಒಳಗೆ ಹೋಗಬಹುದಿತ್ತು, ನನ್ನ ಗಂಟಲನ್ನು ಯಾರು ಇಣುಕಿ ನೋಡುತ್ತಿದ್ದರು? ಆದರೆ ಕಾಲು ಏಳಲಿಲ್ಲ. ಒಳಗೆ ಬಾ ಎಂದು ಅವ್ವ ಎರಡು ಸಲ ಕರೆದಳು. ಮೂರನೆಯ ಸಲ ಕರೆಯಲಿಲ್ಲ, ಮಗ್ಗ ಬಿಟ್ಟು ತಾನೇ ಬಂದು ಹೊಸ್ತಿಲ ಒಳಗೆ ನಿಂತಳು.

"ಇಳೀತ?"

"ಇಳೀತವ್ವ. ಆಮ್ಯಾಲ ಗ್ಲಾಸ ತೊಳದೂ ಕುಡದೆ."

ಅವ್ವ ಸೆರಗನ್ನು ಬಾಯಿಗೆ ಹಿಡಿದಳು. ಅಳುತ್ತಾಳೋ ಬೈಯುತ್ತಾಳೋ ತಿಳಿಯದೆ ನಾನು ಅವಳ ಕಾಲುಗಳನ್ನೇ ನೋಡುತ್ತಿದ್ದೆ. ಕಡೆಗೆ ಅವಳು ಕೇಳಿದ್ದು, ನಾನು ಕನಸಿನಲ್ಲೂ ಎಣಿಸದ ಪ್ರಶ್ನೆ. "ಹೆಂಗಿತ್ತ?"

ಪುಣೆಯ ಮಾಲೀಕರ ಮುಂದೆ ಅಷ್ಟು ಆಡಿದ ನಾಲಿಗೆ ತೊದಲಿತು. "ಕೆಟ್ಟ ಇತ್ತವ್ವ. ಬರೇ ಕಹಿ."

"ಸುಳ್ಳ ಹೇಳಬ್ಯಾಡ. ಹಾಗಲಕಾಯಿ ಮಾಡಿದ ದಿನ ನೀ ಎಂದರ ತಾನಾಗೇ ಗಂಗಾಳ ತೊಳದ ಕುಡದೀಯೇನ? ನಾ ತಲಿ ಮ್ಯಾಲ ನಿಂತ ಕುಡಸಬೇಕಾಗಿತ್ತ."

ಚೆನ್ನಾಗಿತ್ತು, ಬಹಳ ಚೆನ್ನಾಗಿತ್ತು, ಅದು ನಾನು ಬೆಳೆಸಿದ ಹಣ್ಣು ಎಂದು ಹೇಳುತ್ತ ಹೇಳುತ್ತ ಮೂವತ್ತೆರಡು ವರ್ಷದ ಗಂಡಸು ಓಣಿಯಲ್ಲಿ ಹೋಗುವವರು ನೋಡುವಂತೆ ಅತ್ತೆ. ಅವ್ವ ಒಳಗೆ ಹೋಗಿ ಒಂದು ಕೊಡ ನೀರು, ಒಂದು ತಂಬಿಗೆ ತಂದು, ಮನೆ ಸುತ್ತಿ ಹಿತ್ತಿಲಿಗೆ ಬಾ ಎಂದಳು. ಮಗ್ಗದಲ್ಲಿ ದಿನವಿಡೀ ಕೂಡುವ ಅವ್ವನಿಗೆ ಎಲೆ ಅಡಿಕೆ ಇಲ್ಲದೆ ಕೈ ಓಡುವುದಿಲ್ಲ. ಕುಣಿಯಿಂದ ಏಳದೆ, ನೇಯುತ್ತಿರುವ ಸೀರೆಗೆ ಒಂದು ಹನಿ ತಾಗದಂತೆ, ಕಿಟಕಿಯಾಚೆಯ ಮೋರಿಗೆ ಅವಳು ಉಗುಳುವುದನ್ನು ಹುಟ್ಟಿದಾಗಿನಿಂದ ನೋಡುತ್ತಿದ್ದೆ. ನೋಡಿದ್ದೆನೇ ಹೊರತು, ಅದೊಂದು ವಿದ್ಯೆ ಎಂದು ಹೊಳೆದಿರಲಿಲ್ಲ. "ತುಟಿ ಸಣ್ಣ ಮಾಡ. ನಾಲಿಗಿ ಹಿಂದ ತಗಿ. ಸಿಟ್ಟ ಬಂದವರಂಗ ಉಗುಳಬ್ಯಾಡ, ಲಾಳಿ ಒಗದಂಗ ಒಗಿ," ಎಂದಳು. ಕೊಡ ಖಾಲಿಯಾಗುವಷ್ಟರಲ್ಲಿ ಉಗುಳಿದ್ದು ಗುರಿ ತಪ್ಪದೆ ಮೋರಿಗೆ ಬೀಳತೊಡಗಿತು. ಆಮೇಲೆ ಊಟಕ್ಕೆ ಬಾ ಎಂದು ಅವಳು ಮುಂದೆ ನಡೆದಳು. ನಾನು ಹಿಂದೆ ಹೋದೆ. ಹೊಸ್ತಿಲ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈಗ ನಮ್ಮ ಕಾರ್ಖಾನೆಯಲ್ಲಿ ನನ್ನಷ್ಟು ಚೊಕ್ಕಟವಾಗಿ ಉಗುಳುವವರು ಇನ್ನೊಬ್ಬರಿಲ್ಲ. ಹೊಸದಾಗಿ ಸೇರಿದವರನ್ನು ಮೇಡಂ ನನ್ನ ಹತ್ತಿರವೇ ಕಳಿಸುತ್ತಾರೆ. ಆದರೂ ನಿಮ್ಮೆದುರು ಮುಚ್ಚಿಡುವುದೇಕೆ, ವರ್ಷಕ್ಕೊಂದು ಸಲ ಗೌಡರ ಕಲ್ಲುಭೂಮಿಯ ಹಣ್ಣಿನ ಪೀಪಾಯಿ ತೆರೆಯುವ ದಿನ ಬರುತ್ತದೆ. ಅಂದು ಮೇಡಂ ಬಕೆಟ್ಟನ್ನು ತಾವೇ ಎತ್ತಿ ಆಚೆ ಇಡುತ್ತಾರೆ. ಊರಿಗೆ ಹೋದಾಗಲೆಲ್ಲ ಅವ್ವ, ಉಗುಳುತ್ತೀಯಷ್ಟೇ ಎಂದು ಕೇಳುತ್ತಾಳೆ. ಹೂಂ ಅವ್ವ ಎನ್ನುತ್ತೇನೆ. ಅವಳು ನನ್ನ ಮುಖ ನೋಡಿ, "ಎಲ್ಲಾನೂ?" ಎನ್ನುತ್ತಾಳೆ. ಆಗ ನಾನು, ಬಸ್ಸಿಗೆ ಹೊತ್ತಾಯಿತು ಎಂದು ಚಪ್ಪಲಿ ಮೆಟ್ಟುತ್ತೇನೆ. ಬಾಗಲಕೋಟೆಗೆ ಅರ್ಧ ತಾಸಿಗೊಂದು ಬಸ್ಸಿರುವುದು ಅವಳಿಗೂ ಗೊತ್ತು.