ಹುಳುಮನೆ ಬಾಗಿಲಲ್ಲಿ ಅಂಚೆಚೀಟಿಯಷ್ಟು ಲ್ಯಾಬು

ಕೊಳ್ಳೇಗಾಲದ ನಮ್ಮ ಪ್ರಯೋಗಾಲಯದಲ್ಲಿ ಸೋಮವಾರ ಬೆಳಿಗ್ಗೆ ಒಂದು ಗಾಳಿಗುಳ್ಳೆ ಪತ್ತೆಯಾಯಿತು. ಸಾವುನೋವಿನ ವರದಿ ಇಲ್ಲ. ಕೆಲಸ ಮಾತ್ರ ಸಂಪೂರ್ಣ ಸ್ಥಗಿತಗೊಂಡಿತು. ನಮ್ಮಲ್ಲಿ ಇಂಥ ದುರಂತಗಳು ಆಗುತ್ತಲೇ ಇರುತ್ತವೆ.

ಗುಳ್ಳೆ ಸಿಕ್ಕಿಕೊಂಡದ್ದು ಅಂಚೆಚೀಟಿಯಷ್ಟಗಲದ ಪರೀಕ್ಷಾ ಚಿಪ್‌ನೊಳಗೆ. ಅದರಲ್ಲಿ ಕೂದಲಿನಷ್ಟು ಸಣ್ಣ ಕಾಲುವೆಗಳು, ಗುಳ್ಳೆ ಕೂತರೆ ಏನೂ ಹರಿಯದು; ತಳದಲ್ಲಿ ನಾವು ಅಂಟಿಸಿದ ಪ್ರೋಟೀನು. ರೇಷ್ಮೆಹುಳುವಿನ ರಕ್ತದಲ್ಲಿ ವೈರಸ್ಸಿನ ಪ್ರೋಟೀನು ಇದ್ದರೆ ಅದು ಬಂದು ಇದನ್ನು ಹಿಡಿದುಕೊಳ್ಳುತ್ತದೆ. ಹಿಡಿತ ಎಷ್ಟು ಗಟ್ಟಿ ಎಂದು ಯಂತ್ರ ಅಳೆಯುತ್ತದೆ. ಹುಳು ಕೊಳೆಯುವ ಮೊದಲೇ ರೋಗ ಗೊತ್ತಾಗುತ್ತದೆ.

೧. ಒಂದು ತೊಟ್ಟು

ಹನೂರಿನಲ್ಲಿ ಬೆಳೆಗಾರರಿಗೆ ಇದನ್ನೆಲ್ಲ ವಿವರಿಸಿದೆ. ಹಿರಿಯರೊಬ್ಬರು ಕೇಳಿದರು: "ಎಷ್ಟು ರಕ್ತ ಬೇಕು ಸಾ?"

"ಒಂದು ತೊಟ್ಟು ಸಾಕು."

"ಒಂದ್ ತೊಟ್ಗೆ ಒಂದ್ ಜೀಪು, ಒಬ್ ಡ್ರೈವರು, ನೀವು. ಸೊಳ್ಳೆ ಒಂದೇ ಬಂದು ತಕಂಡೋಯ್ತದಲ್ಲ ಸಾ!"

೨. ಒಂದೇ ಕಾನೂನು

ಮುಳ್ಳೂರಿನಿಂದ ಕರೆ ಬಂತು. ಪಕ್ಕದ ಮನೆಯ ಹುಳು ಕೊಳೆತುಹೋಗಿವೆ. ತಮ್ಮವನ್ನು ಉಳಿಸಿಕೊಳ್ಳಬೇಕೋ, ಹೂಳಬೇಕೋ ಎಂದು ಕರೆ ಮಾಡಿದ ಮನೆಯ ಯಜಮಾನಿಗೆ ಅಂದೇ ತಿಳಿಯಬೇಕಿತ್ತು. ತಿಳಿಸಿಯೇ ಹೊರಡುವುದೆಂದು ನಾನೂ ನಿಶ್ಚಯಿಸಿದ್ದೆ.

ಹುಳುಮನೆ ಬಾಗಿಲಲ್ಲಿ ಚಿಪ್ ಇಟ್ಟು ಕಾಲು ತೊಳೆಯಲು ಹೋದೆ. ಬರುವಷ್ಟರಲ್ಲಿ ಯಜಮಾನಿ ಅದನ್ನು ಬ್ಲೀಚಿಂಗ್ ಪೌಡರ್ ನೀರಲ್ಲಿ ಅದ್ದಿ ಒರೆಸಿಟ್ಟಿದ್ದರು.

"ಒಳಕ್ಕೋಗೋದ್ಕೆಲ್ಲ ಒಂದೇ ಕಾನೂನು ಸಾ."

ಹುಳುವಿನ ರಕ್ತ ಬಿಟ್ಟರೆ ಯಂತ್ರ ಯಾವ ಹಿಡಿತವನ್ನೂ ತೋರಿಸಲಿಲ್ಲ. ರೋಗವಿಲ್ಲವೆಂದು ಅವರು ಕೈಮುಗಿದರು. ತಾಳೆ ನೋಡಲು ನಾವೇ ಬಾಟಲಿಯಲ್ಲಿ ಒಯ್ದಿದ್ದ ವೈರಸ್ ಪ್ರೋಟೀನು ಬಿಟ್ಟೆ. ಅದೂ ಅಂಟಲಿಲ್ಲ.

"ಅಮ್ಮಾ, ಇದು ಲೆಕ್ಕಕ್ಕಿಲ್ಲ. ಬ್ಲೀಚಿಂಗಿಗೆ ನಮ್ಮ ಪ್ರೋಟೀನೇ ಸತ್ತಿದೆ."

"ಅಂಗಾರೆ ಪೌಡರ್ ಅಸ್ಲೀದೇ ಕಣ್ರಿ. ಅಂಗಡಿಯೋನ್ನ ಸುಮ್ಕೆ ಬೈದ್ಬುಟ್ಟೆ."

೩. ಕಿಟಕಿಯಲ್ಲಿ

ಉಳಿದದ್ದು ಒಂದೇ ಚಿಪ್. ಅದ್ದದೆ ಅವರು ಒಳಗೆ ಬಿಡರು, ಅದ್ದಲು ನಾನು ಬಿಡೆ. ಕೊನೆಗೆ ಒಪ್ಪಂದವಾಯಿತು: ನಾನು ಕಿಟಕಿಯ ಹೊರಗೆ, ಅವರು ಒಳಗೆ. ಸಪ್ಪಗಿದ್ದ ಹುಳುವೊಂದನ್ನು ಸೊಪ್ಪಿನ ಮೇಲಿಟ್ಟು ಸರಳಿನ ನಡುವೆ ಚಾಚಿದರು.

"ಆಚೆಗೋದದ್ದು ವಾಪಸ್ ಬರಂಗಿಲ್ಲ ಕಣ್ರಿ."

ಈ ಸಲವೂ ಹುಳುವಿನ ರಕ್ತ ಅಂಟದೆ ಹರಿದುಹೋಯಿತು. ಹುಳುವಿನ ರಕ್ತ ಅಂಟದೆ ಹರಿದುಹೋಯಿತು. ರೋಗವಿಲ್ಲ. ಯಜಮಾನಿ ಸೆರಗಿನಿಂದ ಮುಖ ಒರೆಸಿಕೊಂಡರು.

ಅಷ್ಟರಲ್ಲಿ ಯಳಂದೂರಿನ ಸಭೆ ಮುಗಿಸಿ ನಮ್ಮ ಮೇಲಧಿಕಾರಿ ಬಂದರು. ಅವರಿಗೆ ಹುಳು ಹಿಡಿದುಕೊಂಡು ಫೋಟೋ ಬೇಕಿತ್ತು.

"ಫೋಟೋಕೆಲ್ಲ ಉಳ ಕೊಡಕಾಗಕಿಲ್ಲ ಸಾ," ಎಂದರು ಯಜಮಾನಿ. "ರಕ್ತ ತಗ್ದು ಸಾಯಿಸಿದ್ರಲ್ಲ, ಅದ್ನೇ ಇಡ್ಕಂಡು ನಿಂತ್ಕಳಿ."

ವಾರ್ಷಿಕ ವರದಿಯಲ್ಲಿ "ಆರೋಗ್ಯವಂತ ಹುಳುವಿನೊಂದಿಗೆ ಅಧಿಕಾರಿ" ಎಂದು ಅಚ್ಚಾಗಿರುವುದು ಅದೇ ಚಿತ್ರ. ಮಿಕ್ಕ ಹುಳುಗಳು ಗೂಡು ಕಟ್ಟಿದವು.