ನಮ್ಮವರು ಹಗ್ಗ ಜಿಗಿದ ಪುರಾಣ

ಗಂಡ ತೆಳ್ಳಗಾಗಲಿ ಎಂದು ಹನುಮಪ್ಪನಿಗೆ ತುಪ್ಪದ ದೀಪ ಹಚ್ಚಿದ ಹೆಣ್ಣುಮಗಳು ಸವಣೂರಿನಲ್ಲಿ ನಾನೊಬ್ಬಳೇ ಇರಬೇಕು. ಉಳಿದವರು ಗಂಡನ ಆಯುಷ್ಯ ಬೇಡುತ್ತಿದ್ದರು, ಬಡ್ತಿ ಬೇಡುತ್ತಿದ್ದರು. ನಾನು ಬೇಡಿದ್ದು ಇಷ್ಟೇ: ‘ಅಪ್ಪಾ, ಇವರ ಹೊಟ್ಟಿ ಕರಗಿಸು.’ ದೇವರು ಕೇಳಿಸಿಕೊಂಡ. ಕೇಳಿಸಿಕೊಳ್ಳಬಾರದಿತ್ತು.

ಅವರು ಹೋಗಿ ಬಹಳ ವರ್ಷ ಆಯಿತು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅಂತಾರೆ. ನಾನು ಇಟ್ಟುಕೊಂಡಿಲ್ಲರೀ. ಅದೇ ಬಂದು ಕೂತದೆ, ಏಳವಲ್ಲದು.

ಎಪ್ಪತ್ತಾರನೆಯ ಇಸವಿಯ ಮಾತು. ನಮ್ಮವರು ತಹಶೀಲ್ದಾರ ಕಚೇರಿಯಲ್ಲಿ ಕಾರಕೂನರು. ಊಟಕ್ಕೆ ಕೂತರೆ ಎಲೆಯ ಹತ್ತಿರ ಮೊದಲು ಹೊಟ್ಟೆ ಬರುತ್ತಿತ್ತು, ಅವರು ಹಿಂದಿನಿಂದ ಬರುತ್ತಿದ್ದರು. ಮನೆಯಲ್ಲಿ ಅವರು, ನಾನು, ನಮ್ಮತ್ತೆ ತುಳಸಾಬಾಯಿಯವರು. ಆಗಿನ್ನೂ ನಮಗೆ ಮಕ್ಕಳಿರಲಿಲ್ಲ. (ಒಂದು ದೊಡ್ಡದನ್ನು ಸಾಕುತ್ತಿದ್ದೆನಲ್ಲ, ಸಾಕಾಗಿತ್ತು.) ನಮ್ಮವರು ಹೊರಗೆ ನೀರೂ ಮುಟ್ಟುವವರಲ್ಲ. ಅತ್ತೆಯವರಿಗೆ ಮೊಳಕಾಲು ನೋವು, ಒಲೆ ಮುಂದೆ ಕೂಡಲು ಬಾರದು. ಹಿಂಗಾಗಿ ನಾನು ಚಿಕ್ಕೇರೂರಿನ ತವರುಮನೆಯ ಹೊಸ್ತಿಲು ತುಳಿದು ವರ್ಷಗಟ್ಟಲೆ ಆಗಿತ್ತು. ಪ್ರತಿ ಪಂಚಮಿಗೆ ನಮ್ಮಣ್ಣ ಕರೆಯಲಿಕ್ಕೆ ಬರುವನು. ನಾನು ಮಾಡಿದ ಉಂಡಿ ತಿನ್ನುವನು, ಕೈತೊಳೆದುಕೊಂಡು ಒಬ್ಬನೇ ಹೋಗುವನು.

“ನೀ ಹೋದ್ರ ನಂಗ್ಯಾರು ಅಡಗಿ ಮಾಡ್ತಾರ?” ನಮ್ಮವರದು ಇದೊಂದೇ ಮಾತು.

ಅಂಥಾದ್ದರಲ್ಲಿ ಒಂದು ದಿನ ನಮ್ಮವರಿಗೆ ಹೋಮ್‌ಗಾರ್ಡ್ ಆಗುವ ಹುಚ್ಚು ಹತ್ತಿತು. ಖಾಕಿ ಅಂಗಿ, ಎದೆ ಮೇಲೆ ಬಿಲ್ಲೆ, ಬಾಯಲ್ಲಿ ಸೀಟಿ. ದೊಡ್ಡ ಸಾಹೇಬರು ಬಂದು ಮೈದಾನದಲ್ಲಿ ಓಡಿಸಿ, ಜಿಗಿಸಿ ಪರೀಕ್ಷೆ ಮಾಡುವರಂತೆ. ಪಾಸಾದವರಿಗೆ ಶಿವಮೊಗ್ಗದಲ್ಲಿ ಎರಡು ವಾರದ ಕ್ಯಾಂಪು.

ಎರಡು ವಾರ! ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ಅವರು ಶಿವಮೊಗ್ಗಕ್ಕೆ, ಅತ್ತೆಯವರು ಶಿಗ್ಗಾಂವಿಯ ಮಗಳ ಮನೆಗೆ, ಮನೆಗೆ ಕೀಲಿ. ನಾನು ಚಿಕ್ಕೇರೂರಿಗೆ! ನಮ್ಮ ತಂಗಿ ಪದ್ಮಾ ಬಾಣಂತನಕ್ಕೆ ಬಂದಿದ್ದಳು, ಕೂಸಿನ ತೊಟ್ಟಿಲ ಕಾರ್ಯ ಅದೇ ದಿನಗಳಲ್ಲಿತ್ತು. ನಡುವೆ ಅಡ್ಡ ನಿಂತದ್ದು ಒಂದೇ, ನಮ್ಮವರ ಹೊಟ್ಟೆ.

“ಹಗ್ಗ ಜಿಗದ್ರ ಕರಗ್ತದಂತ ನೋಡು,” ಅಂದರು ಅವರು.

“ಜಿಗೀರಿ,” ಅಂದೆ ನಾನು. ಮದುವೆಯಾದಾಗಿನಿಂದ ಅವರ ಮಾತಿಗೆ ನಾನು ಅಷ್ಟು ಲಗೂನ ಹೂಂ ಅಂದದ್ದೇ ಇಲ್ಲ.

ಮೊದಲನೆಯ ಹಗ್ಗ ಸಂತೆಯದು, ಪುಂಡಿ ನಾರಿನದು, ಎತ್ತು ಕಟ್ಟುವಂಥಾದ್ದು. ಹಿತ್ತಲಲ್ಲಿ ಒಮ್ಮೆ ತಿರುವಿದರು, ಹಗ್ಗ ಮೀನಖಂಡಕ್ಕೆ ಬಡಿದು ಚರ್ಮ ಕಿತ್ತಿತು. ಎರಡನೆಯ ಸಲ ತಿರುವಿದಾಗ ಹಗ್ಗ ಮೇಲೆ ಹೋಯಿತು, ಇವರು ಕೆಳಗೆ ಬಂದರು, ಅದೂ ಅತ್ತೆಯವರು ಒಣಹಾಕಿದ ಸಂಡಿಗೆಯ ಮೇಲೆ. ಆ ವರ್ಷ ನಮ್ಮ ಮನೆಯಲ್ಲಿ ಸಂಡಿಗೆ ಎಲ್ಲಾ ಚಪ್ಪಟೆ.

ಕಚೇರಿಯ ಗೆಳೆಯರು ತಲೆ ತುಂಬಿದರು: ವೇಗ ಬೇಕಾದರೆ ತೊಗಲಿನ ಹಗ್ಗವೇ ಬೇಕು, ಬಾಕ್ಸಿಂಗ್ ಪೈಲವಾನರು ಅದನ್ನೇ ಜಿಗಿಯುವುದು. ಹುಬ್ಬಳ್ಳಿಯಿಂದ ತರಿಸಿದರು. ಕಪ್ಪಗೆ, ನುಣ್ಣಗೆ, ಕಟ್ಟಿಗೆಯ ಹಿಡಿಕೆ.

“ಏನೋ ಅದು?” ಅತ್ತೆಯವರು ಪಡಸಾಲೆಯಿಂದಲೇ ಕೇಳಿದರು.

“ಸ್ಪೀಡಿನ ಹಗ್ಗ, ಅವ್ವಾ.”

“ಯಾತರದ್ದು?”

“ತೊಗಲಿಂದು…”

“ಸತ್ತ ದನದ ತೊಗಲು ತಂದು ತುಳಸೀಕಟ್ಟಿ ಮುಂದ ಕುಣೀತೀಯೇನೋ! ನಿಮ್ಮಪ್ಪ ಇದ್ದಿದ್ರ ಅದರ್ಲೇ ಬಡೀತಿದ್ರು!”

ಹೋಮ್‌ಗಾರ್ಡಿನ ಬೆಲ್ಟು, ಬೂಟು ಏನು ರೇಶಿಮೆಯವೇ ಅಂತ ನನ್ನ ನಾಲಗೆಯ ತುದಿಗೆ ಬಂದಿತ್ತು. ನುಂಗಿದೆ. ಹೊರಗೆ ಬಿಟ್ಟಿದ್ದರೆ ನನ್ನ ತವರು ಅಲ್ಲಿಗೇ ಮುಗಿಯುತ್ತಿತ್ತು. ಅತ್ತೆಯವರು ಹಾವು ಎತ್ತಿದಂತೆ ಕೋಲಿನಿಂದ ಹಗ್ಗವನ್ನು ಎತ್ತಿ ತಿಪ್ಪೆಗೆ ಒಗೆದರು. ಮಗನಿಗೆ ತಣ್ಣೀರ ಸ್ನಾನ. ಮನೆಯೆಲ್ಲ ಸಾರಿಸಿದವಳು ನಾನು. (ಸಾರಿಸುವುದು ಬಂದಲ್ಲೆಲ್ಲ ನಾನೇ ಇರುತ್ತೇನೆ, ಗಮನಿಸಿರಿ.)

ಇವರನ್ನು ನಂಬಿದರೆ ಕೂಸಿಗೆ ಮೀಸೆ ಬಂದ ಮೇಲೆ ನಾನು ತೊಟ್ಟಿಲು ತೂಗಬೇಕಾದೀತು ಎಂದುಕೊಂಡು ಸೆರಗು ಹೊದ್ದು ನಾನೇ ಶಹಾಬುದ್ದೀನನ ಸೈಕಲ್ ಅಂಗಡಿಗೆ ಹೋದೆ.

“ಶಹಾಬುದ್ದೀನಣ್ಣಾ, ಒಂದು ಜಿಗಿಯೂ ಹಗ್ಗ ಬೇಕು. ತೊಗಲು ಇರಬಾರದು, ನಾರು ಇರಬಾರದು, ಗಾಳಿಯಂಗ ತಿರಗಬೇಕು.”

“ಕೂಸಿಗೇನ್ರಿ ಅಕ್ಕಾರ?”

“ಹೂಂ, ಕೂಸಿಗೇ. ಕೂಸು ತಹಶೀಲ್ದಾರ ಕಚೇರ್ಯಾಗ ಕಾರಕೂನ ಅದ.”

ಅವನ ಕೈಯಲ್ಲಿದ್ದ ಪಂಪು ಕೆಳಗೆ ಬಿತ್ತು. “ಯಾ ಅಲ್ಲಾ, ರಾಯರಿಗೇನ್ರಿ! ಹಂಗಾರ ಸೈಕಲ್ ಅಂಗಡಿಗ್ಯಾಕ ಬಂದ್ರಿ, ಲಾರಿ ಗ್ಯಾರೇಜಿಗೆ ಹೋಗಬೇಕಿತ್ತು!”

ನಕ್ಕ, ಆದರೆ ಮಾಡಿಕೊಟ್ಟ. ಬ್ರೇಕಿನ ತಂತಿಗೆ ಪ್ಲಾಸ್ಟಿಕ್ ನಳಿಗೆ ಏರಿಸಿ, ಎರಡು ಕಟ್ಟಿಗೆಯ ಹಿಡಿಕೆಗಳಲ್ಲಿ ಪೆಡಲಿನ ಬೇರಿಂಗ್ ಗುಂಡು ಕೂಡಿಸಿದ. ನಡುವೆ ಕಾಲಿಟ್ಟು ಎತ್ತಿದರೆ ತುದಿ ಕಂಕುಳಿಗೆ ಬರಬೇಕು, ಅದೇ ಅಳತೆ ಅಂದ. ಅವರು ನನಗಿಂತ ಒಂದು ಗೇಣು ಎತ್ತರ ಅಂತ ಹೇಳಿ ನಾನೇ ನಿಂತು ಅಳತೆ ಕೊಟ್ಟೆ.

“ತಗೋರಿ ಅಕ್ಕಾರ. ಇದನ್ನ ತಿರುವಿದ್ರ ರಾಯರು ಜಿಗ್ಯೂದಿಲ್ಲ, ಹಾರ್ತಾರ. ಮ್ಯಾಲಿಂದ ಬಂಕಾಪುರದ ನವಿಲು ಕಾಣಸ್ತಾವ.”

ಹಗ್ಗ ಅಂದರೆ ಅದು. ಸುಂಯ್ ಅಂತ ತಿರುಗಿತು. ನಮ್ಮವರು ಹಾರಿದರು, ಮತ್ತೆ ಹಾರಿದರು, ಮೂರನೆಯದಕ್ಕೆ ಎದೆಯ ಮೇಲೆ ಕುಣಿಯುತ್ತಿದ್ದ ಜನಿವಾರ ತಂತಿಗೆ ಸಿಕ್ಕು ಟಪ್ ಅಂತ ಹರಿಯಿತು. ಜನಿವಾರ ಹರಿದರೆ ಹೊಸದು ಹಾಕಿಕೊಳ್ಳುವ ತನಕ ನಮ್ಮಲ್ಲಿ ಬಾಯಿಗೆ ಹನಿ ನೀರಿಲ್ಲ. ಮನೆಯಲ್ಲಿ ಹೊಸದಿರಲಿಲ್ಲ. ಅತ್ತೆಯವರು ಹಾಡಿಕೊಂಡು ಅತ್ತರು. ನಾನು ಮಠಕ್ಕೆ ಓಡಿದೆ.

ತಂದುಕೊಟ್ಟು ಅಂದೆ: “ನಾಳಿಂದ ಕಿವಿಗೆ ಸುತ್ತಿಕೊಂಡು ಜಿಗೀರಿ.”

ಆ ಬುದ್ಧಿ ಯಾವ ಗಳಿಗೆಯಲ್ಲಿ ಹೊಳೆಯಿತೋ! ಗಂಡಸರು ಜನಿವಾರ ಕಿವಿಗೆ ಸುತ್ತುವುದು ಬಹಿರ್ದೆಶೆಗೆ ಹೋಗುವಾಗ. ಕಿವಿಗೆ ಏರಿತೆಂದರೆ ಬಾಯಿ ಬಂದ್, ಕೈಕಾಲು ತೊಳೆದು ಇಳಿಸುವ ತನಕ ಮಾತಾಡುವಂತಿಲ್ಲ. ಹಗ್ಗಕ್ಕಾದರೇನು, ಹಿತ್ತಲಿಗಾದರೇನು, ಶಾಸ್ತ್ರ ಒಂದೇ ಎಂದು ಅತ್ತೆಯವರು ತೀರ್ಪು ಕೊಟ್ಟರು. ದಿನಾ ಬೆಳಿಗ್ಗೆ ನಮ್ಮವರು ಮೌನವಾಗಿ ಜಿಗಿದರು. ಆ ಹೊತ್ತಿನ ಸುಖ ಏನು ಹೇಳಲಿ! ಉಪ್ಪು ಕಡಿಮೆ ಅನ್ನುವವರಿಲ್ಲ, ಚಹಾ ಎಲ್ಲಿ ಅನ್ನುವವರಿಲ್ಲ, ಸುಂಯ್ ಸುಂಯ್ ಅನ್ನುವ ಸಪ್ಪಳ ಒಂದೇ.

ಹಿತ್ತಲ ಗೋಡೆಯಾಚೆಯ ಬಿಬಿಜಾನ ಒಂದು ದಿನ ಕಾಳಜಿಯಿಂದ ಕೇಳಿದಳು: “ಗೋಪಕ್ಕಾ, ರಾಯರು ದಿನಾ ದಾರ ಕಿವಿಗೆ ಸುತ್ಕೊಂಡು ಓಡಿ ಬರ್ತಾರಲ್ರೀ, ಹೊಟ್ಟಿ ಕೆಟ್ಟೈತೇನ್ರಿ? ದಾಳಿಂಬ್ರಿ ಸಿಪ್ಪಿ ಕುದಿಸಿ ಕೊಡ್ರಿ.”

“ಕೆಟ್ಟಿಲ್ಲವಾ, ಕರಗಲಿಕ್ಕತ್ತದ,” ಅಂದೆ.

ಕರಗಿತು ನೋಡಿರಿ! ತುಪ್ಪವನ್ನು ಬೊಟ್ಟಿನಿಂದ ಹಚ್ಚಿದೆ, ಅನ್ನವನ್ನು ಸೌಟು ಬಿಟ್ಟು ಚಮಚಕ್ಕೆ ಇಳಿಸಿದೆ. ಅತ್ತೆಯವರು ಸೆರಗಿನಲ್ಲಿ ಬೆಲ್ಲ ಮುಚ್ಚಿ ತಂದರೆ ಕಣ್ಣಲ್ಲೇ ಹಿಡಿದೆ. ಧೋತರದ ಗಂಟು ಜಾರತೊಡಗಿತು. ಕನ್ನಡಿಯ ಮುಂದೆ ಅವರು ಪಕ್ಕಕ್ಕೆ ತಿರುಗಿ ನಿಂತು ತಮ್ಮನ್ನು ತಾವು ಹುಡುಕಿಕೊಳ್ಳುತ್ತಿದ್ದರು.

ಪರೀಕ್ಷೆಯ ದಿನದ ಕಥೆ ನಾನು ಕಂಡದ್ದಲ್ಲ. ಹಗ್ಗ ಸವೆದರೆ ರಿಪೇರಿಗೆಂದು ಮೈದಾನಕ್ಕೆ ಹೋಗಿದ್ದ ಶಹಾಬುದ್ದೀನ ಕಟ್ಟೆಯ ಮೇಲೆ ಕೂತು ಹೇಳಿದ:

“ರಾಯರು ಬನಿಯನ್ ಮ್ಯಾಲೆ ನಿಂತ್ರು, ರೂಢಿ ನೋಡ್ರಿ, ದಾರ ಕಿವಿಗೆ ಏರಿಸಿದ್ರು. ಜಿಗದ್ರು, ಜಿಗದ್ರು, ಸಾಹೇಬ್ರೇ ಸಾಕು ಅಂದ್ರು. ಹೆಸರೇನು ಅಂತ ಕೇಳಿದ್ರು. ರಾಯರು ಸುಮ್ಮನ. ಯಾವ ಕಚೇರಿ ಅಂದ್ರು. ಸುಮ್ಮನ! ನಾನು ಹೋತು ಕೆಲಸ ಅಂದ್ಕೊಂಡ್ನಿ. ಸಾಹೇಬ್ರು ಉಳದವ್ರ ಕಡೆ ತಿರುಗಿ ಏನಂದ್ರು ಗೊತ್ತೇನ್ರಿ? ‘ನೋಡ್ರಿ, ಶಿಸ್ತು ಅಂದ್ರ ಇದು! ಒಂದು ಮಾತು ಹೆಚ್ಚಿಗೆ ಇಲ್ಲ!’ ಪಾಸ್!”

ಒಂದು ಮಾತು ಹೆಚ್ಚಿಗೆ ಇಲ್ಲವಂತೆ! ಆ ಸಾಹೇಬರು ಒಂದು ದಿನ ನಮ್ಮ ಮನೆಯಲ್ಲಿ ಊಟಕ್ಕೆ ಕೂತಿರಬೇಕಿತ್ತು.

ನಾನು ಆವತ್ತೇ ಚೀಲ ಕಟ್ಟಿದೆ. ಇಳಕಲ್ ಸೀರೆ, ಅವ್ವನಿಗೆ ಸವಣೂರಿನ ವೀಳ್ಯದೆಲೆ, ಕೂಸಿಗೆ ನಾನೇ ಹೊಲಿದ ಕುಂಚಿಗೆ. ನಮ್ಮವರು ಬಾಗಿಲಿಗೆ ಬಂದು ಚೀಲ ನೋಡಿ ಸಂತೋಷಪಟ್ಟರು.

“ಭೇಷ್ ಆತು, ನೀನೂ ತಯಾರಾದಿ. ಸ್ಟೋ ಒಂದು ಮರೀಬ್ಯಾಡ.”

“ಸ್ಟೋ ಯಾಕ? ನಮ್ಮವ್ವನ ಮನ್ಯಾಗ ಒಲಿ ಅದ.”

“ಕ್ಯಾಂಪಿನ್ಯಾಗ ಉಳ್ಳಾಗಡ್ಡಿ ಹಾಕ್ತಾರಂತ, ಬಳ್ಳೊಳ್ಳಿ ಹಾಕ್ತಾರಂತ. ನಾ ಹ್ಯಾಂಗ ಉಣ್ಣಲಿ? ಸಾಹೇಬರಿಗೆ ಹೇಳಿ ಅಲ್ಲೇ ಬಾಜೂಕ ಒಂದು ಖೋಲಿ ಹಿಡಿದೇನಿ. ನೀ ಬಂದು ಮಾಡಿ ಹಾಕು.”

ನಾನು ಚೀಲದಿಂದ ಕುಂಚಿಗೆ ತೆಗೆದು ತೋರಿಸಿದೆ. “ನಾ ಚಿಕ್ಕೇರೂರಿಗೆ ಹೋಗಬೇಕಲ್ಲ. ತೊಟ್ಟಿಲ ಕಾರ್ಯ.”

“ಚಿಕ್ಕೇರೂರು ದಾರಿ ಮ್ಯಾಲೇ ಅದಲ್ಲ! ಬಸ್ಸು ನಿಂದರ್ತದ. ನೋಡಿಕೊಂಡ್ರಾತು.”

ಅತ್ತೆಯವರು ಜಪಮಾಲೆ ನಿಲ್ಲಿಸದೆ ಅಂದರು: “ಕರಕೊಂಡು ಹೋಗಪಾ. ತವರಮನ್ಯಾಗ ಸುಮ್ಮನ ಕೂತು ಆಕಿಯರೆ ಏನು ಮಾಡ್ತಾಳ?”

ಸುಮ್ಮನೆ ಕೂಡಬೇಕೆಂದೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು! ನನ್ನನ್ನು ಬಿಟ್ಟು ಹೋಗಲಿ ಎಂದು ನಾನು ತಯಾರು ಮಾಡಿದ ಗಂಡ, ನನ್ನನ್ನು ಕಟ್ಟಿಕೊಂಡು ಹೋಗುವಷ್ಟು ಗಟ್ಟಿಯಾಗಿದ್ದ.

ಹಾನಗಲ್ಲಿನಲ್ಲಿ ಬಸ್ಸು ಬದಲಿಸಿದೆವು. ತೊಡೆಯ ಮೇಲೆ ಸ್ಟೋ, ಕಾಲಲ್ಲಿ ಅಕ್ಕಿ, ಬೇಳೆ, ಸೀಮೆಎಣ್ಣೆಯ ಡಬ್ಬಿ. ಚಿಕ್ಕೇರೂರಿನಲ್ಲಿ ಬಸ್ಸು ನಿಂತಿತು. ಅಣ್ಣನಿಗೆ ಮೊದಲೇ ಸುದ್ದಿ ಮುಟ್ಟಿತ್ತು, ಅವ್ವ ಬಿಸಿಲಲ್ಲಿ ನಿಂತು ಕಿಟಕಿ ಕಿಟಕಿ ಹುಡುಕುತ್ತಿದ್ದಳು. ನಾನು ಸ್ಟೋ ಬಿಟ್ಟು ಏಳುವಷ್ಟರಲ್ಲಿ ಇವರು ಠೀವಿಯಿಂದ ಕೆಳಗಿಳಿದು ನಿಂತಿದ್ದರು. ನಾನು ಕಿಟಕಿಯಿಂದ ಕುಂಚಿಗೆ ಚಾಚಿದೆ. ಅವ್ವ ಅದನ್ನು ಇಸಿದುಕೊಂಡಳು, ಆದರೆ ಕಣ್ಣು ಅಳಿಯನ ಮೇಲಿತ್ತು.

“ಅಯ್ಯ ನನ್ನಪ್ಪಾ, ಅಳಿಯಂದ್ರು ಎಷ್ಟು ಸೊರಗ್ಯಾರ!” ಆಮೇಲೆ ನನ್ನ ಕಡೆ ತಿರುಗಿದಳು. ಅಷ್ಟು ವರ್ಷಕ್ಕೆ ಕಂಡ ಅವ್ವನ ಮುಖ ಕೆಂಪಾಗಿತ್ತು. “ಏನಽ ಗೋಪೀ, ಗಂಡಗ ಹೊಟ್ಟಿತುಂಬ ಹಾಕೂದಿಲ್ಲೇನಽ? ಇದಕ್ಕ ನಿನಗ ಅಡಗಿ ಕಲಿಸಿ ಕೊಟ್ಟೆನೇನಽ? ನಾಕು ಮಂದಿಗೆ ನಾ ಹ್ಯಾಂಗ ಮಾರಿ ತೋರಿಸಲಿ?”

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ. ನಮ್ಮವರು ಮೆಟ್ಟಿಲ ಮೇಲೆ ಕಾಲಿಟ್ಟು, ತಿರುಗಿ, ಬಹಳ ದೊಡ್ಡ ಮನಸ್ಸಿನಿಂದ ಅಂದರು:

“ಹೋಗ್ಲಿ ಬಿಡ್ರಿ ಅತ್ತೀ, ಸಣ್ಣಾಕಿ. ನಾ ಏನೂ ಮನಸಿಗೆ ಹಚ್ಚಿಕೊಂಡಿಲ್ಲ.”

ಬಸ್ಸು ಬಿಟ್ಟಿತು.