ಬಿರಡೆಗೊಂದು ಸ್ಕ್ರೂ ಲೂಸ್

ನನ್ನ ಗಿಟಾರ್ ಕೇಳಿ ಮಾವನವರು ಇದುವರೆಗೆ ಆಡಿದ ಮಾತು ಒಂದೇ: "ಹ್ಞೂಂ." ಮದುವೆಯಾದ ಹೊಸದರಲ್ಲಿ ಅದನ್ನು ಮೆಚ್ಚುಗೆ ಎಂದುಕೊಂಡು ಬೀಗಿದ್ದೆ. ಆಮೇಲೊಂದು ದಿನ ನಮ್ಮ ಅಡುಗೆಮನೆಯ ನಲ್ಲಿ ಸೋರುವುದನ್ನು ನೋಡಿಯೂ ಅವರು ಅದೇ ರಾಗದಲ್ಲಿ "ಹ್ಞೂಂ" ಎಂದಾಗ ನನ್ನ ಭ್ರಮೆ ಹರಿಯಿತು. ಜೀವಮಾನವೆಲ್ಲ ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದ ಮನುಷ್ಯ. ಅವರ ಬಾಯಿಂದ ಒಂದೇ ಒಂದು "ಭೇಷ್" ಉದುರಿಸುವುದು ನನ್ನ ಬಾಳಿನ ಪರಮ ಪುರುಷಾರ್ಥವಾಗಿ ಹೋಗಿತ್ತು.

ಅವರ ಹುಟ್ಟುಹಬ್ಬ ಹತ್ತಿರ ಬಂದಾಗ ನನಗೊಂದು ಬ್ರಹ್ಮಾಸ್ತ್ರ ಸಿಕ್ಕಿತು. ಅದು ಶ್ರುತಿ ಮಾಡುವ ಒಂದು ವಿಶೇಷ ಬಿರಡೆ. ಹಾಡಿನ ನಡುವೆಯೇ ಇದರ ಕಿವಿ ಹಿಂಡಿದರೆ ಗಿಟಾರಿನ ತಂತಿ ಒಂದು ಸ್ವರ ಇಳಿದು, ಗೊತ್ತುಮಾಡಿದ ಜಾಗದಲ್ಲಿ ಗಪ್ಪನೆ ನಿಲ್ಲುತ್ತದೆ. ವಾಪಸ್ ತಿರುಗಿಸಿದರೆ ಸ್ವಸ್ಥಾನಕ್ಕೆ ಮರಳುತ್ತದೆ. (ಕಿವಿ ಹಿಂಡಿದೊಡನೆ ದನಿ ಇಳಿಸುವ ವಿದ್ಯೆ ನಮ್ಮ ಮನೆಗೆ ಹೊಸದೇನಲ್ಲ.)

"ಇರೋ ಬಿರಡೆಗಳು ಸಾಲದೇನ್ರೀ?" ಎಂದಳು ಹೆಂಡತಿ.

"ಇದು ಬೇರೆ ಕಣೇ. ಬಾರಿಸ್ತಾ ಬಾರಿಸ್ತಾನೇ ಶ್ರುತಿ ಬದಲಾಗತ್ತೆ!"

"ನೀವು ಬಾರಿಸ್ತಾ ಬಾರಿಸ್ತಾ ಶ್ರುತಿ ಬದಲಾಗೋದು ಮೊದಲಿಂದಲೂ ಇದ್ದದ್ದೇ ಅಲ್ವಾ? ಅದಕ್ಕೆ ಬೇರೆ ದುಡ್ಡು ಕೊಟ್ಟು ಬಂದ್ರಾ?"

ಕಲಾವಿದನಾದವನು ಇಂಥದ್ದಕ್ಕೆಲ್ಲ ಉತ್ತರ ಕೊಡಬಾರದು. ನಾನು ಹಳೆಯ ಬಿರಡೆ ಬಿಚ್ಚಿ ಹೊಸದನ್ನು ಕೂರಿಸಿದೆ.

ಹುಟ್ಟುಹಬ್ಬದ ಸಂಜೆ ನಮ್ಮ ಹಜಾರದ ತುಂಬ ನೆಂಟರು. ಮುಂದಿನ ಕುರ್ಚಿಯಲ್ಲಿ ಮಾವ, ಅರ್ಧ ನಿದ್ದೆಯಲ್ಲಿ. ಹಾಡಿನ ನಡುಭಾಗ ಬಂತು. ನಾನು ಕಣ್ಣು ಮುಚ್ಚಿ, ತಂತಿ ಮೀಟಿ, ಗಂಭೀರವಾಗಿ ಬಿರಡೆ ತಿರುಗಿಸಿದೆ.

ಡೊಂ... ಡೋಂಯ್... ಡೋಂಯ್ಯ್ಯ್ಯ್...

ತಂತಿ ಇಳಿಯಿತು, ಇನ್ನೂ ಇಳಿಯಿತು, ಇಳಿಯುತ್ತಲೇ ಹೋಯಿತು. ಕೊನೆಗೆ ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋತುಬಿತ್ತು.

"ಏನಾಯ್ತೇ ಇದಕ್ಕೆ?" ಪಕ್ಕದಲ್ಲಿದ್ದ ಹೆಂಡತಿಯನ್ನು ಪಿಸುದನಿಯಲ್ಲಿ ಕೇಳಿದೆ.

"ಬೆಳಿಗ್ಗೆ ಧೂಳು ಒರೆಸುವಾಗ ಒಂದು ಸ್ಕ್ರೂ ಲೂಸ್ ಇತ್ತು ಕಣ್ರೀ. ಪೂರ್ತಿ ಒಳಗೆ ಬಿಗಿ ಮಾಡಿದೆ."

"ಅಯ್ಯೋ, ಅದು ಹೊರಗೆ ಚಾಚಿಕೊಂಡೇ ಇರಬೇಕು! ಬಿರಡೆ ಬಂದು ತಗುಲಿ ನಿಲ್ಲೋದೇ ಅದಕ್ಕೆ!"

"ಲೂಸಾಗಿರೋದು ನೀವೊಬ್ಬರೇ ಸಾಕು ಅಂದ್ಕೊಂಡೆ."

ನನ್ನ ಮಾನ ಹರಾಜಾಯಿತು ಎಂದು ತಲೆ ತಗ್ಗಿಸಿದೆ. ಅಷ್ಟರಲ್ಲಿ ಮಾವ ಎದ್ದು ನಿಂತರು. ಕಣ್ಣಲ್ಲಿ ಎಂದೂ ಕಾಣದ ಬೆಳಕು.

"ಭೇಷ್ ಅಳಿಯಂದಿರೇ, ಭೇಷ್! ಲಿಫ್ಟು ಬ್ರೇಕ್ ಹಿಡೀದೆ ಜಾರ್ಕೊಂಡು ಬರುವಾಗ ಥೇಟ್ ಇದೇ ಸದ್ದು! ಕೆಲಸ ಬಿಟ್ಟ ಮೇಲೆ ಕೇಳೇ ಇರಲಿಲ್ಲ. ಎಲ್ಲಿ, ಇನ್ನೊಂದ್ಸಲ ಬಿಡಿ!"

ಬಿಟ್ಟೆ. ನೆಂಟರೂ ಚಪ್ಪಾಳೆ ತಟ್ಟಿದರು. ಅಳಬೇಕೋ ನಗಬೇಕೋ ತಿಳಿಯದಿದ್ದರೂ, ಒಳಗೊಳಗೇ ಹಿಗ್ಗಿದೆನೆಂದು ಒಪ್ಪಿಕೊಳ್ಳುತ್ತೇನೆ.

ಈಗ ಮಾವ ವಾರವಾರವೂ ಬರುತ್ತಾರೆ. ನಾನು ಹಾಡು ಶುರುಮಾಡಿದರೆ, "ಅದೆಲ್ಲ ಇರಲಿ, ಲಿಫ್ಟ್ ಬಿಡಿ" ಎನ್ನುತ್ತಾರೆ. ಮೊನ್ನೆ ಬಿರಡೆ ಸರಿಮಾಡೋಣವೆಂದು ನೋಡಿದರೆ ಸ್ಕ್ರೂ ಜಾಗದಲ್ಲೇ ಇಲ್ಲ.

"ತೆಗೆದಿಟ್ಟಿದ್ದೀನಿ," ಎಂದಳು ಹೆಂಡತಿ. "ಒಂದು ಸ್ಕ್ರೂ ಕಮ್ಮಿ ಇದ್ರೇನೇ ನಿಮಗೆ ಭೇಷ್ ಸಿಗೋದು."

ಜಗಳಕ್ಕೆಂದು ದೊಡ್ಡದಾಗಿ ಬಾಯಿ ತೆರೆದೆ. ಅವಳು ಸುಮ್ಮನೆ ನನ್ನ ಕಿವಿಯ ಕಡೆ ನೋಡಿದಳು.

"ಹ್ಞೂಂ," ಎಂದೆ.